ವಿಳಾಸ ಹೇಳಿ, ಶಾಲೆ ಹೇಳುತ್ತೇವೆ!

"ಅಮ್ಮ, ಮನೆ ಬದಲಾಯಿಸ್ತಾ ಇದ್ದೀವಿ, ಪುಟ್ಟಿಯ ಸ್ಕೂಲಿಗೋಸ್ಕರ" ಎಂದು ಅಮೆರಿಕದಿಂದ ಮಗಳು ಫೋನಿನಲ್ಲಿ ಹೇಳಿದರೆ ನಿಮಗೆ ಅಚ್ಚರಿಯಾಗದೆ ಇರದು. ನಮ್ಮಲ್ಲಿ ಸ್ಕೂಲು ಬದಲಾದರೆ ವ್ಯಾನು ಬದಲಾಗುತ್ತದೆ, ಮನೆಯಲ್ಲ. ಅಲ್ಲಿಯ ಸರ್ಕಾರಿ ಶಾಲೆಗೆ ಫೀಸಿಲ್ಲ, ಡೊನೇಶನ್ ಇಲ್ಲ. ಮೊದಲು ಕೇಳುವುದು ಒಂದೇ ಮಾತು: ನಿಮ್ಮ ಮನೆ ಎಲ್ಲಿ? ಬಾಡಿಗೆ ಕರಾರೋ ಕರೆಂಟ್ ಬಿಲ್ಲೋ ತೋರಿಸಿದರೆ, ಆ ಬೀದಿಗೆ ಗೊತ್ತುಮಾಡಿದ ಶಾಲೆಯಲ್ಲಿ ಮಗುವಿಗೆ ಜಾಗ.

ಟೆಕ್ಸಾಸ್ ರಾಜ್ಯದ ಫ್ರಿಸ್ಕೊ ಊರನ್ನೇ ನೋಡಿ. ಡಲ್ಲಾಸ್ ನಗರದ ಉತ್ತರಕ್ಕಿದೆ. ನಮ್ಮ ಕಡೆಯವರೂ ಅಲ್ಲಿ ಬೇಕಾದಷ್ಟು ಮಂದಿ. 1990ರ ಜನಗಣತಿಯಲ್ಲಿ ಆರು ಸಾವಿರ ಚಿಲ್ಲರೆ ಜನ. 2020ರಲ್ಲಿ ಎರಡು ಲಕ್ಷ! 2003ರಲ್ಲಿ ಎರಡನೆಯ ಹೈಸ್ಕೂಲು ಬರುವ ತನಕ ಊರಿಗೆಲ್ಲ ಒಂದೇ ಇತ್ತು. 2022ರ ಹೊತ್ತಿಗೆ ಹನ್ನೆರಡಾದವು.

ಇಷ್ಟನ್ನೆಲ್ಲ ಕಟ್ಟಿದವರು ಯಾರು ಅಂತೀರಾ? ಅಲ್ಲಿ 'ಸ್ಕೂಲ್ ಡಿಸ್ಟ್ರಿಕ್ಟ್' ಎಂಬುದು ನಮ್ಮ ಜಿಲ್ಲೆಯಂಥದ್ದಲ್ಲ. ಶಾಲೆ ನಡೆಸಲೆಂದೇ ಇರುವ ಪ್ರತ್ಯೇಕ ಆಡಳಿತ. ಊರಿನ ಪುರಸಭೆಗೆ ಅದರ ಮೇಲೆ ಅಧಿಕಾರವಿಲ್ಲ. ಜನ ಆರಿಸಿದ ಏಳು ಮಂದಿಯ ಮಂಡಳಿ ಅದನ್ನು ನೋಡಿಕೊಳ್ಳುತ್ತದೆ. ಖರ್ಚಿನ ದೊಡ್ಡ ಪಾಲು ಮನೆ, ಜಾಗಗಳ ಕಂದಾಯದಿಂದಲೇ ಬರಬೇಕು. ಹೊಸ ಶಾಲೆಗಳಿಗೆಂದು ಸಾಲ ಎತ್ತಬೇಕಾದರೆ ಊರಿನವರ ಮತ ಕೇಳಬೇಕು. ಫ್ರಿಸ್ಕೊದವರು 2014ರಲ್ಲಿ 77.5 ಕೋಟಿ ಡಾಲರಿಗೂ, 2018ರಲ್ಲಿ 69.1 ಕೋಟಿ ಡಾಲರಿಗೂ ಹೂಂ ಅಂದರು.

ಪಕ್ಕದ ಅಲೆನ್ ಊರಿನಲ್ಲಿ ಒಂದೇ ಭಾರಿ ಹೈಸ್ಕೂಲು, ಐದು ಸಾವಿರ ಮಕ್ಕಳು. ಫ್ರಿಸ್ಕೊದವರಿಗೆ ಅದು ಬೇಡವಾಯಿತು. ಸುಮಾರು ಎರಡು ಸಾವಿರ ಮಕ್ಕಳಿಗೊಂದು ಹೈಸ್ಕೂಲಿದ್ದರೆ ಆಟ, ಬ್ಯಾಂಡು, ನಾಟಕಗಳಲ್ಲಿ ಹೆಚ್ಚು ಮಕ್ಕಳಿಗೆ ಅವಕಾಶ ಎಂಬುದು ಅವರ ಲೆಕ್ಕ. ಒಳ್ಳೆಯದೇ. ಆದರೆ ಹೊಸ ಶಾಲೆ ತೆರೆದಾಗಲೆಲ್ಲ ಗಡಿಯನ್ನು ಹೊಸದಾಗಿ ಎಳೆಯಬೇಕು. ಬೀದಿಯ ಈಚೆಯ ಮಗು ಹಳೆಯ ಶಾಲೆಗೆ, ಆಚೆಯ ಮಗು ಹೊಸದಕ್ಕೆ. ಗೆಳತಿಯರು ಅಗಲಿದಾಗಿನ ಅಳು ಎಲ್ಲಿಯದಾದರೂ ಒಂದೇ ತಾನೆ?

ಈಚೆಗೆ ಗಾಳಿ ತಿರುಗಿದೆ. ಮನೆಗಳ ಬೆಲೆ ಏರಿ, ಪುಟ್ಟ ಮಕ್ಕಳ ಸಂಸಾರಗಳು ಇನ್ನೂ ಉತ್ತರದ ಊರುಗಳತ್ತ ಸಾಗಿವೆ. ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗತೊಡಗಿದ್ದಾರೆ. 2024ರ ನವೆಂಬರಿನಲ್ಲಿ ನೂರು ಕೋಟಿ ಡಾಲರ್ ಮೀರಿದ ಸಾಲವನ್ನೂ, ತೆರಿಗೆ ಏರಿಕೆಯನ್ನೂ ಮತದಾರರು ಬೇಡವೆಂದರು. ಸ್ಟೇಲಿ ಎಂಬ ಹಳೆಯ ಮಿಡಲ್ ಸ್ಕೂಲನ್ನು 2025ರಲ್ಲಿ ಮುಚ್ಚಲಾಯಿತು.

ನಮ್ಮ ಹೆಣ್ಣುಮಕ್ಕಳ ಸಂಕಟ ಇರುವುದು ಇಲ್ಲೇ ನೋಡಿ. ವೀಸಾದ ಮೇಲಿರುವವರಿಗೆ ಮತವಿಲ್ಲ, ಗ್ರೀನ್ ಕಾರ್ಡ್ ಬಂದರೂ ಇಲ್ಲ. ಮತ ಹಾಕಲು ಆ ದೇಶದ ಪ್ರಜೆಯೇ ಆಗಬೇಕು. ಸ್ವಂತ ಮನೆಯಿದ್ದರೆ ಕಂದಾಯ ಕಟ್ಟಲೇಬೇಕು; ಬಾಡಿಗೆ ಮನೆಯಾದರೂ ಅದು ಬಾಡಿಗೆಯಲ್ಲಿ ಸೇರಿಯೇ ಇರುತ್ತದೆ. ತನ್ನ ಮಗುವಿನ ಶಾಲೆ ಉಳಿಯಬೇಕೋ ಬೇಡವೋ ಎಂಬಾಗ ಮಾತ್ರ ತಾಯಿಗೆ ಓಟಿಲ್ಲ. ಹಾಗಂತ ಬಾಯಿ ಕಟ್ಟಿಹಾಕಿಲ್ಲ ಅನ್ನಿ. ಮಂಡಳಿಯ ಸಭೆ ಬಹಿರಂಗವಾಗಿಯೇ ನಡೆಯುತ್ತದೆ, ಹೆಸರು ಬರೆಸಿ ಮಾತಾಡಬಹುದು. ನಿಮ್ಮ ಮಗಳು ಸಂಕೋಚದ ಸ್ವಭಾವದವಳಾದರೆ ನೀವೇ ಫೋನಿನಲ್ಲಿ ಸ್ವಲ್ಪ ಧೈರ್ಯ ಹೇಳಿ! ಮಗುವಿನ ಓದಿಗಂತೂ ವೀಸಾ ಅಡ್ಡಿಯಲ್ಲ. ತಂದೆತಾಯಿಯ ಕಾಗದಪತ್ರ ಹೇಗೇ ಇರಲಿ, ಸರ್ಕಾರಿ ಶಾಲೆ ಮಗುವಿಗೆ ಬಾಗಿಲು ಹಾಕುವಂತಿಲ್ಲ ಎಂದು ಅಲ್ಲಿಯ ಸುಪ್ರೀಂ ಕೋರ್ಟು 1982ರಲ್ಲೇ ತೀರ್ಪು ಕೊಟ್ಟಿದೆ. ಅದೂ ಟೆಕ್ಸಾಸಿನ ಮೊಕದ್ದಮೆಯಲ್ಲೇ.

ಮೊಮ್ಮಗುವನ್ನು ಇಲ್ಲಿಂದ ಕರೆದೊಯ್ಯುವುದಿದ್ದರೆ ಒಂದೆರಡು ಮಾತು ನೆನಪಿಡಿ. ಟೆಕ್ಸಾಸಿನಲ್ಲಿ ಕಿಂಡರ್‌ಗಾರ್ಟನ್ ಸೇರಲು ಸೆಪ್ಟೆಂಬರ್ 1ಕ್ಕೆ ಐದು ತುಂಬಿರಬೇಕು. ಜನನ ಪತ್ರ, ಲಸಿಕೆಗಳ ವಿವರ ಕೇಳುತ್ತಾರೆ. ತಾಯಿ ಕಾರ್ಡಿನಲ್ಲಿರುವ ಲಸಿಕೆಗಳನ್ನು ತಾರೀಖು ಸಮೇತ ಡಾಕ್ಟರಿಂದ ಇಂಗ್ಲಿಷಿನಲ್ಲಿ ಬರೆಸಿ, ಸಹಿ ಹಾಕಿಸಿಕೊಳ್ಳಿ. ಚಟ್ನಿಪುಡಿ, ಸಾರಿನಪುಡಿಗಳ ಜೊತೆ ದೊಡ್ಡ ಪೆಟ್ಟಿಗೆಯಲ್ಲಿ ಹಾಕಬೇಡಿ ಮತ್ತೆ, ಕೈಚೀಲದಲ್ಲೇ ಇರಲಿ.