ಯುದ್ಧ ಬಂದಾಗ ನಮ್ಮ ನಾಯಕರು



ಯುದ್ಧದಲ್ಲಿ ಗುಂಡು ಹಾರಿಸುವವರು ಸೈನಿಕರು. ಯುದ್ಧ ಮಾಡಬೇಕೋ ಬೇಡವೋ ಎಂದು ತೀರ್ಮಾನ ಮಾಡುವವರು ನಾವು ಓಟು ಹಾಕಿ ಆರಿಸಿದ ನಾಯಕರು. ಅವರು ತಪ್ಪಿದರೆ ಸಾಯುವವರು ನಮ್ಮ ನಿಮ್ಮಂಥವರ ಮಕ್ಕಳು. ಅದಕ್ಕೇ ನಾಯಕರನ್ನು ಅಳೆಯುವುದನ್ನು ನಾವೂ ಕಲಿಯಬೇಕು.

ಗೆದ್ದರೋ ಸೋತರೋ ಅಂತ ನೋಡಿದರೆ ಸಾಲದು. ಮೂರು ಪ್ರಶ್ನೆ ಕೇಳೋಣ. ತಿಳಿದವರ ಮಾತು ಕೇಳಿದರೇ? ಮೊದಲೇ ತಯಾರಿ ಮಾಡಿದರೇ? ಸರಿಯಾದ ಹೊತ್ತಿಗೆ ತೀರ್ಮಾನ ಮಾಡಿದರೇ?

ನೆಹರೂ, 1962

ಚೀನಾ ದೊಡ್ಡ ಯುದ್ಧಕ್ಕೆ ಬರಲಾರದು ಎಂದು ಪ್ರಧಾನಿ ಜವಾಹರಲಾಲ್ ನೆಹರೂ ನಂಬಿದ್ದರು. ಅದಕ್ಕೂ ಮೊದಲು ಸೈನ್ಯದ ಮುಖ್ಯಸ್ಥರಾಗಿದ್ದವರು ಕೊಡಗಿನ ಜನರಲ್ ತಿಮ್ಮಯ್ಯ. ಅವರಿಗೂ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರಿಗೂ ಹೊಂದಲಿಲ್ಲ. 1959ರಲ್ಲಿ ತಿಮ್ಮಯ್ಯ ರಾಜೀನಾಮೆ ಕೊಟ್ಟರು. ನೆಹರೂ ಹೇಳಿದ ಮೇಲೆ ಹಿಂದಕ್ಕೆ ತೆಗೆದುಕೊಂಡರು. 1961ರಲ್ಲಿ ನಿವೃತ್ತರಾದರು.

1962ರ ಅಕ್ಟೋಬರ್ 20ರಂದು ಚೀನಾ ದಾಳಿ ಮಾಡಿತು. ಹಿಮಾಲಯದ ಚಳಿ. ಎಷ್ಟೋ ಸೈನಿಕರ ಮೈಮೇಲೆ ಹತ್ತಿ ಬಟ್ಟೆ, ಕಾಲಲ್ಲಿ ಕ್ಯಾನ್ವಾಸ್ ಬೂಟು. ಸೈನಿಕರು ಧೈರ್ಯದಿಂದ ಹೋರಾಡಿದರು. ಆದರೆ ತಯಾರಿ ಇರಲಿಲ್ಲ. ಒಂದು ತಿಂಗಳಲ್ಲಿ ನಾವು ಸೋತೆವು. ಸೋತ ಮೇಲೆ ಸೈನ್ಯವನ್ನು ಬಲಪಡಿಸುವ ಕೆಲಸ ಶುರುವಾಯಿತು.

ಶಾಸ್ತ್ರಿ, 1965

ಲಾಲ್ ಬಹದ್ದೂರ್ ಶಾಸ್ತ್ರಿ ಕುಳ್ಳಗಿನ ಆಳು, ಮಾತು ಮೆತ್ತಗೆ. ಇವರೇನು ಯುದ್ಧ ಮಾಡಿಸುತ್ತಾರೆ ಅಂದುಕೊಂಡವರಿದ್ದರು. ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಟ್ಯಾಂಕುಗಳು ಕಾಶ್ಮೀರದ ಕಡೆ ನುಗ್ಗಿದವು. ಪಂಜಾಬಿನ ಗಡಿ ದಾಟಲು ಶಾಸ್ತ್ರಿ ಒಪ್ಪಿಗೆ ಕೊಟ್ಟರು. ಸೆಪ್ಟೆಂಬರ್ 6ರಂದು ನಮ್ಮ ಸೈನ್ಯ ಲಾಹೋರಿನ ಕಡೆ ಹೊರಟಿತು. ಕಾಶ್ಮೀರದ ಮೇಲಿನ ಒತ್ತಡ ತಗ್ಗಿತು. ಸೆಪ್ಟೆಂಬರ್ 23ಕ್ಕೆ ಕದನ ನಿಂತಿತು.

ಇಂದಿರಾ, 1971

ಪೂರ್ವ ಪಾಕಿಸ್ತಾನದಲ್ಲಿ ಸೈನ್ಯವೇ ಜನರನ್ನು ಕೊಲ್ಲತೊಡಗಿತು. ಸುಮಾರು 1 ಕೋಟಿ ನಿರಾಶ್ರಿತರು ನಮ್ಮ ದೇಶಕ್ಕೆ ಬಂದರು. ಕೂಡಲೇ ಯುದ್ಧ ಮಾಡಿ ಎಂದು ಹಲವರು ಒತ್ತಾಯ ಮಾಡಿದರು. ಮಳೆಗಾಲ ಬರುತ್ತಿದೆ, ನದಿಗಳು ತುಂಬುತ್ತವೆ, ತಯಾರಿಗೆ ಸಮಯ ಬೇಕು ಎಂದರು ಸೈನ್ಯದ ಮುಖ್ಯಸ್ಥ ಮಾಣೆಕ್ ಷಾ. ಇಂದಿರಾ ಗಾಂಧಿ ಕಾದರು. ಡಿಸೆಂಬರ್ 3ರಂದು ಯುದ್ಧ ಶುರುವಾಯಿತು. 16ಕ್ಕೆ ಮುಗಿಯಿತು. ಸುಮಾರು 93,000 ಮಂದಿ ಶರಣಾದರು. ಬಾಂಗ್ಲಾದೇಶ ಹುಟ್ಟಿತು.

ಇನ್ನೊಂದು ಮಾತು. ಯುದ್ಧ ಗೆದ್ದವರು ಎಲ್ಲದರಲ್ಲೂ ಸರಿ ಅಂತಲ್ಲ. ಇದೇ ಇಂದಿರಾ 1975ರಲ್ಲಿ ತುರ್ತು ಪರಿಸ್ಥಿತಿ ಹೇರಿದರು. ವಿರೋಧಿಗಳನ್ನು ಜೈಲಿಗೆ ಹಾಕಿದರು. ಯುದ್ಧ ಸೋತ ನೆಹರೂ ಅಣೆಕಟ್ಟು, ಕಾರ್ಖಾನೆ, ಕಾಲೇಜು ಕಟ್ಟಿಸಿದರು. ಒಂದೊಂದು ಕೆಲಸವನ್ನೂ ಬೇರೆ ಬೇರೆಯಾಗಿ ತೂಗಬೇಕು.

ಜೋರು ಭಾಷಣ ಮಾಡುವವರೆಲ್ಲ ಒಳ್ಳೆಯ ನಾಯಕರಲ್ಲ. ಕೇಳುವ ಕಿವಿ, ಕಾಯುವ ತಾಳ್ಮೆ ಇದೆಯೇ ನೋಡೋಣ. ಓಟು ನಮ್ಮ ಕೈಯಲ್ಲಿದೆ.

ಮಾತಾಡೋಣ:
1. ಇಂದಿರಾ ಏಕೆ ಕಾದರು?
2. ನಿಮ್ಮೂರಿನಿಂದ ಸೈನ್ಯಕ್ಕೆ ಹೋದವರು ಇದ್ದಾರೆಯೇ? ಅವರ ಮನೆಯವರನ್ನು ಮಾತಾಡಿಸಿ.