ಮೊದಲ ಜುನಿಪರ್ ಬೋನ್ಸಾಯ್: ವರ್ಷಕ್ಕೊಂದೇ ಕೆಲಸ

ಮರವನ್ನು ಆಳವಿಲ್ಲದ ಕುಂಡದಲ್ಲಿ ಗಿಡ್ಡವಾಗಿ, ಆದರೆ ಹಳೆಯ ಮರದ ರೂಪದಲ್ಲಿಯೇ ಬೆಳೆಸುವುದಕ್ಕೆ ಬೋನ್ಸಾಯ್ ಎನ್ನುತ್ತಾರೆ. ಇದಕ್ಕೆ ಹೆಚ್ಚಾಗಿ ಬಳಸುವ ಗಿಡಗಳಲ್ಲಿ ಜುನಿಪರ್ ಒಂದು. ಸಸ್ಯಕ್ಷೇತ್ರದಿಂದ ತಂದ ದಿನವೇ ರೆಂಬೆ ಕತ್ತರಿಸಿ, ತಂತಿ ಸುತ್ತಿ, ಬೇರು ಸವರಿ ಚಿಕ್ಕ ಕುಂಡಕ್ಕೆ ಇಳಿಸಿದರೆ ಸಂಜೆಗೆ ಅದು ಚಿತ್ರದ ಮರದಂತೆ ಕಾಣುತ್ತದೆ. ಕೆಲವು ವಾರಗಳಲ್ಲಿ ಒಣಗಿಹೋಗುತ್ತದೆ. ಹೊಸಬರ ಮೊದಲ ಗಿಡ ಸಾಯುವುದು ಹೆಚ್ಚಾಗಿ ಹೀಗೆಯೇ.

ಹಸಿರನ್ನು ನಂಬಬೇಡಿ

ಮೆಣಸಿನ ಸಸಿಯ ಬೇರಿಗೆ ಪೆಟ್ಟಾದರೆ ಅದೇ ದಿನ ಎಲೆ ಬಾಡುತ್ತದೆ. ಜುನಿಪರ್ ಹಾಗಲ್ಲ. ಬೇರು ಸತ್ತ ಮೇಲೂ ಅದು ಹಲವು ವಾರ ಹಸಿರಾಗಿಯೇ ಇರುತ್ತದೆ. ಬಣ್ಣ ಮಾಸಿ ಎಲೆ ಗರಿಗರಿಯಾಗುವ ಹೊತ್ತಿಗೆ ಉಪಾಯ ಉಳಿದಿರುವುದಿಲ್ಲ. ಆದ್ದರಿಂದ ಒಂದು ಕೆಲಸ ಮಾಡಿದ ಮೇಲೆ ತುದಿಗಳಲ್ಲಿ ಹೊಸ ಚಿಗುರು ಕಾಣುವವರೆಗೆ ಮುಂದಿನ ಕೆಲಸಕ್ಕೆ ಕೈ ಹಾಕಬಾರದು.

ಮೊದಲ ವರ್ಷ: ಉಳಿಸಿಕೊಳ್ಳುವುದು

ಜುನಿಪರ್ ತಂಪು ಪ್ರದೇಶದ ಗಿಡ. ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ಸೆಂಟಿಗ್ರೇಡ್ ದಾಟುತ್ತದೆ. ಆದ್ದರಿಂದ ನಮ್ಮಲ್ಲಿ ಇದರ ಆರೈಕೆಗೆ ಹೆಚ್ಚಿನ ಎಚ್ಚರ ಬೇಕು. ಗಿಡವನ್ನು ಮನೆಯೊಳಗೆ ಇಡಬಾರದು. ಬೆಳಗಿನ ಬಿಸಿಲು ಬೀಳಬೇಕು. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಮಧ್ಯಾಹ್ನದ ನಂತರ ಬೇವಿನ ಮರದ ನೆರಳು ಒದಗಿಸಬೇಕು. ಲೆಕ್ಕ ಹಿಡಿದು ನೀರು ಹಾಕದೆ, ಬೆರಳನ್ನು ಒಂದು ಗೆಣ್ಣು ಮಣ್ಣಿನಲ್ಲಿ ಇಳಿಸಿ ನೋಡಿ, ತೇವ ಕಡಿಮೆಯಾಗಿದ್ದರೆ ಮಾತ್ರ ಕೆಳಗಿನ ತೂತಿನಿಂದ ಹೊರಬರುವವರೆಗೆ ಹಾಕಬೇಕು.

ಒಣ ಹವೆಯಲ್ಲಿ ಕೆಂಪು ನುಸಿಯ ಬಾಧೆ ಬರುತ್ತದೆ. ಬಿಳಿ ಕಾಗದದ ಮೇಲೆ ರೆಂಬೆಯನ್ನು ತಟ್ಟಿದಾಗ ಸಣ್ಣ ಚುಕ್ಕೆಗಳು ಹರಿದಾಡಿದರೆ ಅದು ನುಸಿಯೇ. ಎಲೆಗಳ ಮೇಲೂ ಕೆಳಗೂ ರಭಸದಿಂದ ನೀರು ಸಿಂಪಡಿಸಿ ತೊಳೆಯಬೇಕು.

ಎರಡನೆಯ ವರ್ಷ: ರೂಪ ಕೊಡುವುದು

ನವೆಂಬರ್‌ನಿಂದ ಜನವರಿಯವರೆಗಿನ ತಂಪು ಕಾಲ ಇದಕ್ಕೆ ಸೂಕ್ತ. ಕತ್ತರಿ ಹಿಡಿಯುವ ಮೊದಲು ಗಿಡವನ್ನು ನಾಲ್ಕೂ ಕಡೆಯಿಂದ ನೋಡಿ, ಯಾವ ರೆಂಬೆ ಉಳಿಯಬೇಕೆಂದು ನಿರ್ಧರಿಸಿ ದಾರ ಕಟ್ಟಿರಿ. ಒಂದು ವಾರ ಬಿಟ್ಟು ಮತ್ತೆ ನೋಡಿರಿ. ಒಂದು ಸಲಕ್ಕೆ ಹಸಿರಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ದಾಳಿಂಬೆಯನ್ನು ಚಾಟನಿ ಮಾಡಿದರೆ ಹಳೆಯ ಕೊಂಬೆಯಿಂದಲೂ ಚಿಗುರು ಒಡೆಯುತ್ತದೆ. ಜುನಿಪರ್‌ನ ಬೋಳು ಕೊಂಬೆ ಮತ್ತೆ ಚಿಗುರುವುದಿಲ್ಲ. ಆದ್ದರಿಂದ ಉಳಿಸುವ ಪ್ರತಿ ರೆಂಬೆಯಲ್ಲೂ ಹಸಿರು ಇರಲೇಬೇಕು.

ಬಾಗಿಸಲು ಅಲ್ಯೂಮಿನಿಯಂ ತಂತಿ ಒಳ್ಳೆಯದು. ಅದರ ದಪ್ಪ ರೆಂಬೆಯ ದಪ್ಪದ ಮೂರನೆಯ ಒಂದು ಭಾಗದಷ್ಟಿದ್ದರೆ ಸಾಕು. ಓರೆಯಾಗಿ ಸುತ್ತಿ, ನಿಧಾನವಾಗಿ ಬಾಗಿಸಬೇಕು. ತಂತಿ ತೊಗಟೆಯನ್ನು ಕಚ್ಚತೊಡಗಿದರೆ ಬಿಚ್ಚದೆ, ತುಂಡು ತುಂಡಾಗಿ ಕತ್ತರಿಸಿ ತೆಗೆಯಬೇಕು.

ಮೂರನೆಯ ವರ್ಷ: ಕುಂಡ ಬದಲಾವಣೆ

ಮಳೆ ಹಿಡಿದು ಬಿಸಿಲು ಇಳಿದ ಮೇಲೆ ಗಿಡವನ್ನು ಬೋನ್ಸಾಯ್ ಕುಂಡಕ್ಕೆ ವರ್ಗಾಯಿಸಬಹುದು. ನಮ್ಮ ಎರೆ ಮಣ್ಣು ಇದಕ್ಕೆ ಬೇಡ. ಅದು ನೆನೆದಾಗ ಉಬ್ಬಿ ನೀರು ಹಿಡಿಯುತ್ತದೆ, ಒಣಗಿದಾಗ ಬಿರಿದು ಬೇರು ಹರಿಯುತ್ತದೆ. ಪುಡಿ ಜರಡಿ ಹಿಡಿದು ತೆಗೆದ ಇಟ್ಟಿಗೆ ಚೂರು ಎರಡು ಪಾಲು, ಹಳ್ಳದ ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು ಬೆರೆಸಬೇಕು. ಹಳೆಯ ಮಣ್ಣನ್ನು ಪೂರ್ತಿ ತೊಳೆಯಬಾರದು. ಬೇರುಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ನಂತರ ಒಂದು ತಿಂಗಳು ನೆರಳಿನಲ್ಲಿಟ್ಟು, ಗೊಬ್ಬರ ಕೊಡದೆ ಕಾಯಬೇಕು.

ಕೈ ಸುಮ್ಮನಿರದವರಿಗೆ

ಕಾಯುವ ಕಾಲದಲ್ಲಿ ಕತ್ತರಿ ಹಿಡಿಯುವ ಆಸೆಯಾದರೆ ಆಲ, ಹುಣಸೆ ಅಥವಾ ದಾಳಿಂಬೆಯ ಒಂದೆರಡು ಗಿಡಗಳನ್ನು ಕುಂಡದಲ್ಲಿ ಬೆಳೆಸಿರಿ. ಇವು ನಮ್ಮ ಬಿಸಿಲಿಗೆ ಒಗ್ಗಿದವು, ತಪ್ಪು ಕತ್ತರಿಸಿದರೂ ಮತ್ತೆ ಚಿಗುರುತ್ತವೆ. ಕೈ ಪಳಗುವುದು ಇವುಗಳ ಮೇಲೆ ಆಗಲಿ.

ಅಮೆರಿಕದ ವಾಷಿಂಗ್ಟನ್ ನಗರದ ರಾಷ್ಟ್ರೀಯ ಸಸ್ಯತೋಟದಲ್ಲಿ 1625ರಿಂದ ಪೋಷಿಸಿಕೊಂಡು ಬಂದ ಬಿಳಿ ಪೈನ್ ಬೋನ್ಸಾಯ್ ಇದೆ. 1945ರಲ್ಲಿ ಹಿರೋಷಿಮಾದ ಅಣುಬಾಂಬ್ ದಾಳಿಯಲ್ಲೂ ಅದು ಬದುಕುಳಿಯಿತು. 1976ರಲ್ಲಿ ಮಸಾರು ಯಮಾಕಿ ಅವರು ಅದನ್ನು ಕಾಣಿಕೆಯಾಗಿ ನೀಡಿದರು. ಎಷ್ಟೋ ತಲೆಮಾರುಗಳು ಕಾದ ಮರ ಅದು. ನಮ್ಮ ಮೊದಲ ಗಿಡ ಕೇಳುವುದು ಮೂರೇ ವರ್ಷ.