ನಿಮಗಿದು ಗೊತ್ತೆ? ಹಾವಿನ ಮದ್ದನ್ನು ಶುದ್ಧಗೊಳಿಸುವ ಪೊರೆ

ಶಿಕಾರಿಪುರ, ಸೊರಬದ ಗದ್ದೆ ಬದುವಿನಲ್ಲಿ ನಾಗರವೋ ಕೊಳಕುಮಂಡಲವೋ ಕಚ್ಚಿದರೆ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ಕುದುರೆಯ ರಕ್ತದಿಂದ ತೆಗೆದ ಪ್ರತಿಕಾಯ. ಕುದುರೆಗೆ ವಿಷವನ್ನು ಸ್ವಲ್ಪಸ್ವಲ್ಪವೇ ಚುಚ್ಚುತ್ತ ಹೋದರೆ ಅದರ ದೇಹ ಪ್ರತಿಕಾಯ ತಯಾರಿಸುತ್ತದೆ. ಆ ರಕ್ತದ ಪ್ಲಾಸ್ಮಾವನ್ನು ಹಾಗೆಯೇ ಕೊಡುವಂತಿಲ್ಲ. ಅದರಲ್ಲಿನ ಬೇಡದ ಪ್ರೋಟೀನುಗಳು ತೀವ್ರ ಅಲರ್ಜಿ ತರಬಲ್ಲವು. ಪೆಪ್ಸಿನ್ ಕಿಣ್ವದಿಂದ ಪ್ರತಿಕಾಯದ ಅನಗತ್ಯ ಭಾಗ ಕತ್ತರಿಸಿ, ದ್ರವವನ್ನು ಅತಿಸೂಕ್ಷ್ಮ ರಂಧ್ರಗಳ ಪೊರೆಯ ಮೇಲೆ ಒತ್ತಡದಲ್ಲಿ ಹರಿಸುತ್ತಾರೆ. ನೀರು, ಲವಣ, ಸಣ್ಣ ತುಣುಕುಗಳು ಜರಡಿಯಿಂದ ಇಳಿದಂತೆ ಆಚೆ ಹೋಗುತ್ತವೆ. ಪ್ರತಿಕಾಯ ಈಚೆಗೇ ಉಳಿಯುತ್ತದೆ.

ಕ್ಯಾನ್ಸರ್‌ಗೆ ಬೆಂಗಳೂರಿನ ಬಯೋಕಾನ್ ಕೂಡ ತಯಾರಿಸುವ ಟ್ರಾಸ್ಟುಜುಮಾಬ್‌ನಂಥ, ಜೀವಕೋಶಗಳಲ್ಲಿ ಬೆಳೆಸುವ ಪ್ರತಿಕಾಯಗಳ ಶುದ್ಧೀಕರಣದಲ್ಲಿ ಇನ್ನೊಂದು ಬಗೆಯ ಪೊರೆಯೂ ಇರುತ್ತದೆ. ಅದರ ರಂಧ್ರ ಸುಮಾರು 20 ನ್ಯಾನೊಮೀಟರ್. ಇಲ್ಲಿ ಪ್ರತಿಕಾಯವೇ ನುಸುಳಿ ಆಚೆ ಹೋಗುತ್ತದೆ, ದ್ರವದಲ್ಲಿ ವೈರಸ್ ಇದ್ದರೆ ಅದು ಸಿಕ್ಕಿಬೀಳುತ್ತದೆ. ಉದಾಹರಣೆಗೆ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ ಸುಮಾರು 50 ನ್ಯಾನೊಮೀಟರ್. ಅಷ್ಟು ಗಾತ್ರದ್ದು ಈ ಪೊರೆ ದಾಟಲಾರದು.

ಮತ್ತೆ ಹಾವಿನ ಮದ್ದಿಗೆ ಬಂದರೆ, ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಗಾಯ ಕೊಯ್ಯಬೇಡಿ. ನೇರವಾಗಿ ಆಸ್ಪತ್ರೆಗೆ ಹೋಗಿ.